ಕರೆನ್ಸಿ ಶಂಕರನಾರಾಯಣ

ಭದ್ರಾವತಿಯ ಅಂಗಡಿಯವರಿಗೆಲ್ಲ ಅವರು ಕರೆನ್ಸಿ ಶಂಕರನಾರಾಯಣ. ಮೊಬೈಲಿಗೆ ದುಡ್ಡು ತುಂಬಿಸುವುದಕ್ಕೆ ಜನ ಕರೆನ್ಸಿ ಹಾಕಿಸುವುದು ಎನ್ನುತ್ತಿದ್ದ ಕಾಲ ಅದು. ಅದಕ್ಕೆ ಬೇಕಾದ, ಉಗುರಿನಿಂದ ಕೆರೆದು ನಂಬರು ನೋಡುವ ಕಾರ್ಡುಗಳನ್ನು ಶಿವಮೊಗ್ಗದಿಂದ ಮೊಪೆಡ್ಡಿನಲ್ಲಿ ತಂದು ಹಂಚುವುದು ಅವರ ಕೆಲಸ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ದಿನದ ಮಾತೆಲ್ಲ ಅಂಗಡಿಗಳ ಮುಂದೆಯೇ ಆಗಿಹೋಗುತ್ತಿತ್ತು.

ಭದ್ರಾವತಿಯ ಜನ್ನಾಪುರದಲ್ಲಿ ಗೂಡಂಗಡಿ ಇಟ್ಟಿದ್ದ ಉಚ್ಚಂಗಮ್ಮ ಮಾತ್ರ ಅವರನ್ನು ಬೇಗ ಬಿಡುತ್ತಿರಲಿಲ್ಲ. ಸ್ಟೂಲು ಎಳೆದು ಕೂರಿಸಿ, ಬೆಳಿಗ್ಗೆ ಏನು ತಿಂದಿರಿ ಎಂದು ವಿಚಾರಿಸುತ್ತಿದ್ದಳು. ಒಮ್ಮೆ ಅವರು ಜ್ವರ ಬಂದು ವಾರವೆಲ್ಲ ಮಲಗಿ, ಎದ್ದು ಬಂದಾಗ, ಎಲ್ಲಿ ಹೋಗಿದ್ದಿರಿ ಎಂದು ಕೇಳಿದವಳು ಆಕೆಯೊಬ್ಬಳೇ.

ಎರಡು ಸಾವಿರದ ಆರರಲ್ಲಿ ಧಣಿ ಯೋಗರಾಜ್, ಇನ್ನು ಕಾರ್ಡು ಬೇಡ, ಆಫೀಸಿನಿಂದಲೇ ಅಂಗಡಿಯವರ ಮೊಬೈಲಿಗೆ ಕರೆನ್ಸಿ ಕಳಿಸಬಹುದು ಎಂದರು. ಜಪಾನಿನಲ್ಲಿ ಮೊಬೈಲು ತಾಗಿಸಿದರೆ ಸಾಕು, ರೈಲಿನ ದುಡ್ಡು ಸಂದಾಯವಾಗುತ್ತದಂತೆ, ನಾವೂ ಅದೇ ದಾರಿ ಹಿಡಿದಿದ್ದೇವೆ ಎಂದು ಹಿಗ್ಗಿದರು. ಶಂಕರನಾರಾಯಣರೇ ಅಂಗಡಿ ಅಂಗಡಿಗೆ ಹೋಗಿ ಹೊಸ ಪದ್ಧತಿ ಕಲಿಸಿ ಬಂದರು. ಉಚ್ಚಂಗಮ್ಮ ಗುಂಡಿ ಒತ್ತುವುದನ್ನು ಕಲಿತ ಮೇಲೆ ಕೇಳಿದಳು: “ಇನ್ಮೇಲೆ ನೀವು ಬರಲ್ವಾ ಶಂಕ್ರಣ್ಣ?”

“ಯಾಕ್ ಬರಲ್ಲ? ಬರ್ತೀನಿ.”

ಆದರೆ ಹೋಗಲು ನೆಪವೇ ಉಳಿಯಲಿಲ್ಲ. ಕಿಟಕಿಯಿಲ್ಲದ ಆಫೀಸಿನಲ್ಲಿ ಕೂತು ದಿನವಿಡೀ ನಂಬರು ಒತ್ತುವುದಾಯಿತು. ಸೋಮವಾರ ಸೋಮವಾರ ಉಚ್ಚಂಗಮ್ಮನ ಮೊಬೈಲಿನಿಂದ ಕರೆನ್ಸಿ ಬೇಕೆಂದು ಮೆಸೇಜು ಬರುತ್ತಿತ್ತು. ಕಳಿಸಿದರೆ, ಬಂತು ಎಂದು ಇನ್ನೊಂದು. ಆಕೆ ಚೆನ್ನಾಗಿದ್ದಾಳೆ ಎಂದು ಸಮಾಧಾನಪಟ್ಟುಕೊಂಡು ಅವರು ಮುಂದಿನ ನಂಬರಿಗೆ ಹೋಗುತ್ತಿದ್ದರು.

ದೀಪಾವಳಿಯ ರಜೆಯಲ್ಲಿ ಕೋಣೆಯೊಳಗೆ ಕೂರಲಾಗದೆ, ಒಂದು ಪೊಟ್ಟಣ ಮೈಸೂರುಪಾಕು ಕಟ್ಟಿಸಿಕೊಂಡು ಜನ್ನಾಪುರಕ್ಕೆ ಹೋದರು. ಅಂಗಡಿಯಲ್ಲಿ ಉಚ್ಚಂಗಮ್ಮನ ಸೊಸೆ ಶೀಲಾ ಕೂತಿದ್ದಳು. ಅಮ್ಮ ಎಲ್ಲಿ ಎಂದು ಕೇಳಿದರು.

“ಅತ್ತೆ ಶ್ರಾವಣದಲ್ಲೇ ಹೋಗ್ಬಿಟ್ರು ಸಾರ್. ನೀವ್ಯಾರು?”

ಶಂಕರನಾರಾಯಣರು ಹೆಸರು ಹೇಳಿದರು. ಅವಳಿಗೆ ಗುರುತು ಹತ್ತಲಿಲ್ಲ. ಮೆಸೇಜು ಬರುತ್ತಿತ್ತಲ್ಲ ಎಂದದ್ದಕ್ಕೆ, ತಾನೇ ಕಳಿಸುತ್ತಿದ್ದೆ, ಅತ್ತೆಯ ಫೋನೇ ಅಲ್ಲವೇ ಎಂದಳು. ಅವರು ಪೊಟ್ಟಣವನ್ನು ಗಾಜಿನ ಭರಣಿಗಳ ಪಕ್ಕದಲ್ಲಿಟ್ಟು ಹೊರಬಂದರು. ಮೊಪೆಡ್ ಹತ್ತಲು ಮನಸ್ಸು ಬಾರದೆ ಬಹಳ ದೂರ ತಳ್ಳಿಕೊಂಡೇ ನಡೆದರು.

ಮುಂದಿನ ಸೋಮವಾರ ಅದೇ ನಂಬರಿನಿಂದ ಮೆಸೇಜು ಬಂತು. ಕರೆನ್ಸಿ ಕಳಿಸಿ, ಉತ್ತರಕ್ಕೆ ಕಾಯದೆ ಅವರೇ ಫೋನು ಮಾಡಿದರು.

“ಶಂಕರನಾರಾಯಣ ಅಂತ, ಶಿವಮೊಗ್ಗ ಆಫೀಸಿಂದ. ಕರೆನ್ಸಿ ಬಂತಾಮ್ಮ?”

“ಬಂತು ಸಾರ್.”

ಊಟ ಆಯಿತೇ ಎಂದು ಕೇಳಬೇಕೆಂದಿದ್ದರು. ಅಷ್ಟರಲ್ಲಿ ಗಿರಾಕಿ ಯಾರೋ ಬಂದಿರಬೇಕು, ಆ ಕಡೆಯಿಂದ ಫೋನು ಕಟ್ಟಾಯಿತು.