ಸಲಾಂ ಬಂತು, ಉಳಿದದ್ದು ಬರಲಿಲ್ಲ

ನನ್ನ ಉದಾಸೀನಕ್ಕೆ ಹಮಾಲಿ ರಂಗಸ್ವಾಮಿಯ ಎರಡೂ ಅಂಗೈ ಸುಟ್ಟವು. ಅದನ್ನು ಮುಚ್ಚಿಡಲು ನಾನಾಡಿದ ಒಂದು ಮಾತಿಗೆ ಶಬ್ಬೀರ್ ಸಾಹೇಬರ ಕೆಲಸ ಹೋಯಿತು. ನನಗೆ ಏನೂ ಖರ್ಚಾಗಲಿಲ್ಲ — ಲಾಭವೇ ಆಯಿತು.

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ಮೇಲೆ ಬಂದವನು ನಾನು. ಎರಡು ಸಾವಿರದ ದಶಕದ ಕೊನೆಯಲ್ಲಿ ಒಂದು ಲಾರಿ ಪಾರ್ಸೆಲ್ ಆಫೀಸಿನ ಯಜಮಾನರಿಗೆ ಪ್ರೋಗ್ರಾಂ ಮಾರಿದೆ. ಗುಬ್ಬಿ ಶಾಖೆಯಲ್ಲಿ ಟೈಪ್ ಮಾಡಿದ್ದು ತುಮಕೂರಿನ ಪರದೆಗೆ ಬರಬೇಕು, ಫೋನ್ ಬಿಲ್ ಉಳಿಯಬೇಕು. ಎರಡು ಕಂಪ್ಯೂಟರುಗಳ ನಡುವೆ ಸಂದೇಶ ಸಾಗಿಸುವ ಸಾಕೆಟ್ಟಿನ ಕೆಲಸಕ್ಕೆ, ಬೇರೆಯವರು ಸಿ ಭಾಷೆಯಲ್ಲಿ ಬರೆದಿಟ್ಟ, ಪುಕ್ಕಟೆ ಸಿಗುವ ಒಂದು ಲೈಬ್ರರಿ ಹಿಡಿದೆ. ಸಂದೇಶ ಪಡೆಯುವಾಗ ಅದಕ್ಕೊಂದು ಪಾತ್ರೆ ಒಡ್ಡಬೇಕು — ಇಷ್ಟೇ ಬೈಟ್ ಹಿಡಿಯುವ ಜಾಗ. ಸಂದೇಶ ದೊಡ್ಡದಾದರೆ ಲೈಬ್ರರಿ ತಕರಾರು ಮಾಡುವುದಿಲ್ಲ. ಹಿಡಿದಷ್ಟು ತುಂಬಿ, ಮಿಕ್ಕದ್ದನ್ನು ಚೆಲ್ಲಿ, ನಿಜವಾಗಿ ಬಂದದ್ದು ಎಷ್ಟೆಂಬ ಸಂಖ್ಯೆಯನ್ನು ಮಾತ್ರ ತಿಳಿಸುತ್ತದೆ. ಆ ಸಂಖ್ಯೆಯನ್ನು ನೋಡುವ ಒಂದು ಸಾಲು ನಾನು ಬರೆಯಲಿಲ್ಲ. ಇಂಗ್ಲಿಷಿನಲ್ಲಿ ಪರೀಕ್ಷಿಸಿದ್ದೆ, ಎಲ್ಲ ಹಿಡಿದಿತ್ತು.

ಆಮೇಲೆ ಇನ್ನಷ್ಟು ದುಡ್ಡು ಕೇಳಿ ಕನ್ನಡ ಸೇರಿಸಿದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಅಕ್ಷರಕ್ಕೂ ಅದರ ಗುಣಿತಕ್ಕೂ ಮೂರು ಮೂರು ಬೈಟ್ ಬೇಕು. ಗೊತ್ತಿತ್ತು. ಪಾತ್ರೆ ಮಾತ್ರ ಹಳೆಯದೇ ಉಳಿಯಿತು.

ಗುಬ್ಬಿಯ ಗುಮಾಸ್ತ ಶಬ್ಬೀರ್ ಸಾಹೇಬರು ಕಾಗದ ಬರೆದು ಬೆಳೆದ ಕಾಲದವರು. ಅವರ ಸಂದೇಶದಲ್ಲಿ ಮೊದಲು ಯಜಮಾನರಿಗೆ ಸಲಾಂ, ಆಮೇಲೆ ಕ್ಷೇಮಸಮಾಚಾರ, ಆಮೇಲೆ ಗಾಡಿ, ಕಟ್ಟಕಡೆಗೆ ವಿಷಯ.

ಒಂದು ಮಧ್ಯಾಹ್ನ ತುಮಕೂರಿನ ಸತ್ಯಮಂಗಲದ ಕಾರ್ಖಾನೆಗೆ ಆಸಿಡ್ ಕ್ಯಾನುಗಳ ಲಾರಿ ಗುಬ್ಬಿ ಬಿಟ್ಟಿತು. ಅದು ಹೋದ ಮೇಲೆ, ಕ್ಯಾನು ಇಟ್ಟಿದ್ದ ಕಡೆ ಸಿಮೆಂಟು ನೊರೆಗಟ್ಟಿದ್ದು ಸಾಹೇಬರ ಕಣ್ಣಿಗೆ ಬಿತ್ತು. ಒಂದು ಕ್ಯಾನು ಸೋರುತ್ತಿದೆ, ಮುಟ್ಟಬೇಡಿ ಎಂದು ಟೈಪ್ ಮಾಡಿ ಕಳಿಸಿದರು. ಪರದೆ 'ತಲುಪಿದೆ' ಎಂದಿತು — ಆ ಪದ ಹಾಕಿದವನೂ ನಾನೇ. ಅದನ್ನು ನಂಬಿ ಅವರು ಫೋನ್ ಮಾಡಲಿಲ್ಲ.

ತುಮಕೂರಿನ ಪರದೆಯಲ್ಲಿ ಸಲಾಂ ಇತ್ತು, ಕ್ಷೇಮ ಇತ್ತು, ಗಾಡಿ ಬಿಟ್ಟಿದೆ ಎಂದಿತ್ತು. ಕೊನೆಗೆ ಒಂದು ಖಾಲಿ ಚೌಕ — ಕತ್ತರಿಸಿದ ಅಕ್ಷರದ ತುಂಡು. ಆಗೆಲ್ಲ ಕಂಪ್ಯೂಟರಿನಲ್ಲಿ ಕನ್ನಡವೆಂದರೆ ಚೌಕಗಳು ಇದ್ದದ್ದೇ, ಯಾರೂ ನಿಂತು ನೋಡಲಿಲ್ಲ. ತುಮಕೂರಿನಲ್ಲಿ ಲಾರಿ ಇಳಿಸುವಾಗ ರಂಗಸ್ವಾಮಿ ಆ ಕ್ಯಾನನ್ನು ಬುಡಕ್ಕೆ ಕೈಕೊಟ್ಟು ಎತ್ತಿದ.

ಮರುದಿನ ಯಜಮಾನರು ಸಾಹೇಬರನ್ನೂ ನನ್ನನ್ನೂ ಕರೆಸಿದರು. ಅಷ್ಟರಲ್ಲಿ ಪ್ರೋಗ್ರಾಮಿನ ದಾಖಲೆಯಲ್ಲಿ ಬಿದ್ದಿದ್ದ ಆ ಸಂಖ್ಯೆಯನ್ನು ನಾನು ನೋಡಿ ಆಗಿತ್ತು — ಪಾತ್ರೆಗಿಂತ ದೊಡ್ಡದು.

"ಸಲಾಂ ಬಂದೈತೆ, ಕ್ಷೇಮ ಬಂದೈತೆ. ಆಸಿಡ್ ವಿಷ್ಯ ಎಲ್ಲಿ ಇಳ್ಕೊಂಡ್ತು ಸಾಬ್ರೇ, ದಾರೀಲಿ ಮಲ್ಲಸಂದ್ರದಲ್ಲಾ?"

"ಬರ್ದೆ ಯಜಮಾನ್ರೇ. ಅಲ್ಲಾನ ಆಣೆಗೂ ಬರ್ದೆ."

ಯಜಮಾನರು ನನ್ನ ಕಡೆ ತಿರುಗಿದರು. "ಏನಪ್ಪಾ, ಇದ್ರಲ್ಲಿ ಅರ್ಧ ಬರೋದುಂಟಾ?"

ಇದೇ ಪ್ರೋಗ್ರಾಮನ್ನು ಕುಣಿಗಲ್ ಶಾಖೆಗೂ ಹಾಕುವ ಆರ್ಡರು ಅವತ್ತೇ ಮಾತಾಗಬೇಕಿತ್ತು.

"ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಬರೋದೇ ಇಲ್ಲ," ಎಂದೆ.

ಲೈಬ್ರರಿ ಕೊಡುವ ಭರವಸೆ ಅದೇ, ಮಾತು ನಿಜ. ಸಂದೇಶ ತುಮಕೂರಿನವರೆಗೆ ಇಡಿಯಾಗಿಯೇ ಬಂದಿತ್ತು, ಕತ್ತರಿಸಿದ್ದು ನನ್ನ ಪಾತ್ರೆ. ನಿಜವನ್ನೇ ಹೇಳಿ ಸುಳ್ಳಾಡಿದೆ. ಕಳಿಸಿದ ಮೇಲೆ ಗುಬ್ಬಿಯ ಪರದೆ ಖಾಲಿಯಾಗುತ್ತಿತ್ತು. ತೋರಿಸಲು ಸಾಹೇಬರ ಬಳಿ ಏನೂ ಇರಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಿದರು. ಅವತ್ತೇ ಪಾತ್ರೆಯನ್ನು ದೊಡ್ಡದು ಮಾಡಿದೆ. ಕುಣಿಗಲ್ ಆರ್ಡರೂ ಸಿಕ್ಕಿತು.

ಎಷ್ಟೋ ದಿನಗಳ ಮೇಲೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಕರೆದು ಟೀ ಕೊಡಿಸಿದರು. "ನಾನೇ ಮರ್ತಿರ್ಬೇಕು ಕಣಪ್ಪಾ. ಬೆರಳಿಗೆ ಬರ್ದ ನೆನಪೈತೆ... ಮಿಷನ್ನು ಸುಳ್ಳು ಹೇಳುತ್ತಾ?" ಆ ಹುಡುಗನ ಕೈ ಹಾಳು ಮಾಡಿದೆನಲ್ಲ ಎಂದು ಅತ್ತರು. ನಾನು ಟೀ ಕುಡಿದೆ.

ಇವತ್ತಿಗೂ ಯಾವುದಾದರೂ ಪರದೆಯಲ್ಲಿ ಖಾಲಿ ಚೌಕ ಕಂಡರೆ ಅದರ ಹಿಂದೆ ಯಾರೋ ಇನ್ನೂ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ —

ಇದು ಅಚ್ಚಾಗುವ ಮೊದಲು ಗುಬ್ಬಿಗೆ ಹೋಗಿ ಅವರ ಮುಂದೆ ಹೇಳುತ್ತೇನೆ. ರಂಗಸ್ವಾಮಿಯ ಮುಂದೆಯೂ.

ನೀವು ಇಂಥ ಕೆಲಸ ಮಾಡುವವರಾದರೆ ಕೇಳಿ. ಲೈಬ್ರರಿ ಹೇಳುವ ಸಂಖ್ಯೆಯನ್ನು ನಿಮ್ಮ ಪಾತ್ರೆಯ ಅಳತೆಯೊಂದಿಗೆ ಹೋಲಿಸಿ. ಪರೀಕ್ಷೆಗೆ ಕನ್ನಡದಲ್ಲೇ ಬರೆಯಿರಿ, ಮೊದಲು ಉದ್ದನೆಯ ಸಲಾಂ ಹಾಕಿ. ಅರ್ಧ ಬರೋದುಂಟಾ ಎಂದು ಯಾರಾದರೂ ಕೇಳಿದರೆ, ಎದುರಿಗೆ ಎಂಥ ಆರ್ಡರೇ ಇರಲಿ, "ಉಂಟು, ನೋಡ್ತೀನಿ" ಅನ್ನಿ.