ಬಾಣಂತಿ ಮಸಾಲೆಯ ಪೋಲಂಡ್ ರೊಟ್ಟಿ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾವು ಕೊಲ್ಲಾಪುರದಲ್ಲಿದ್ದೆವು. ನನ್ನ ತವರು ಗಡಹಿಂಗ್ಲಜ, ಕೊಟ್ಟ ಮನೆ ಇಚಲಕರಂಜಿ. ಮದುವೆಯಾದ ಎರಡನೆಯ ವರ್ಷ ನಮ್ಮವರು ಕೊಲ್ಲಾಪುರದ ಪೇಟೆಯಲ್ಲಿ ಅರಿವೆ ಅಂಗಡಿ ಹಾಕಿದರು. ಅಂಗಡಿಯ ಹಿಂದಿನ ಎರಡು ಖೋಲಿಗಳಲ್ಲಿ ನಮ್ಮವರು, ನಾನು, ಅತ್ತೆ, ಮೂವರೇ ಇದ್ದೆವು. ಹಿತ್ತಲಲ್ಲಿ ಒಂದು ಬಾವಿ, ಅದರ ಪಕ್ಕ ಅರಿವೆ ಒಗೆಯುವ ಕಲ್ಲು.

ಚೊಚ್ಚಲ ಹೆರಿಗೆಗೆ ತವರಿಗೆ ಹೋದೆ. ನಾನು ಹೋಗುವ ಮೊದಲೇ ಅವ್ವ ಬಾಣಂತಿ ಮಸಾಲೆ ಕುಟ್ಟಿ ಇಟ್ಟಿದ್ದಳು. ಒಣಶುಂಠಿ, ಮೆಣಸು, ಲವಂಗ, ದಾಲ್ಚಿನ್ನಿ, ಏಲಕ್ಕಿ, ಜಾಜಿಕಾಯಿ ಎಲ್ಲವನ್ನೂ ತುಪ್ಪದಲ್ಲಿ ಬೆಚ್ಚಗೆ ಮಾಡಿ, ಕುಟ್ಟಿ, ಅರಿವೆಯಲ್ಲಿ ಸೋಸಿದ ನುಣ್ಣನೆ ಪುಡಿ. ಬಾಣಂತಿಗೆ ಅಂಟಿನುಂಡಿ ಕಟ್ಟುವಾಗ ಬೇಕಾದಷ್ಟು ತೆಗೆದು ಹಾಕುವುದು, ಅಷ್ಟೇ. ಮಗು ಹುಟ್ಟಿತು, ಗಂಡು. ಹೆಸರಿಡುವ ಬಾರಸಿ ಮಾಡುವಷ್ಟು ದಿನವೂ ಉಳಿಯಲಿಲ್ಲ. ಉಂಡಿ ಕಟ್ಟುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನು ಕೊಲ್ಲಾಪುರಕ್ಕೆ ಹೊರಟಾಗ ಅವ್ವ ಆ ಮಸಾಲೆಯ ಡಬ್ಬಿಯನ್ನು ನನ್ನ ಗಂಟಿನಲ್ಲಿ ಇಟ್ಟಳು. "ಮೈ ಹಸೀದೈತಿ, ಹಾಲಿನಾಗರ ಹಾಕ್ಕೊಂಡು ಕುಡಿಯವ್ವಾ" ಎಂದಳು.

ನಾನು ಕುಡಿಯಲಿಲ್ಲ. ಅತ್ತೆಯೂ ಒತ್ತಾಯ ಮಾಡಲಿಲ್ಲ. ಡಬ್ಬಿಯನ್ನು ಒಯ್ದು ಗೋಡೆಯ ಮಾಡದೊಳಗೆ ಬೇಳೆಯ ಡಬ್ಬಿಗಳ ಹಿಂದೆ ಇಟ್ಟುಬಿಟ್ಟರು. ನಾನು ಕೆಲಸ ಮಾಡುತ್ತಿದ್ದೆ, ಹೇಳಿದ್ದಕ್ಕೆ ಹೂಂ ಅನ್ನುತ್ತಿದ್ದೆ, ಅರ್ಧ ರೊಟ್ಟಿ ತಿಂದು ಏಳುತ್ತಿದ್ದೆ. ಅತ್ತಿದ್ದು ಮಾತ್ರ ನೆನಪಿಲ್ಲ.

ಆ ಕಾಲಕ್ಕೆ ಊರ ಹತ್ತಿರದ ವಳಿವಡೆಯಲ್ಲಿ ಪೋಲಂಡ್ ದೇಶದಿಂದ ರಶಿಯಾ ಹಾಯ್ದು ಓಡಿಬಂದವರಿಗೆ ಛಾವಣಿ, ಅಂದರೆ ಸಾಲು ಬಿಡಾರ, ಹಾಕಿಕೊಟ್ಟಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಪೇಟೆಗೆ ಬಂದು ಅರ್ಧಮರ್ಧ ಮರಾಠಿಯಲ್ಲಿ ಚೌಕಾಶಿ ಮಾಡುತ್ತಿದ್ದರು. ಅವರಲ್ಲೊಬ್ಬಳು ನಮ್ಮ ಅಂಗಡಿಗೆ ದಾರ, ಅರಿವೆ ಕೊಳ್ಳಲು ಬರುವವಳು. ನನಗಿಂತ ಹತ್ತು ವರ್ಷಕ್ಕೆ ಹಿರಿಯಳಿರಬಹುದು. ಹೊಲಿಗೆ ಭಾಳ ಚಂದ. ಒಂದು ದಿನ ನಮ್ಮವರು ಊಟಕ್ಕೆ ಕೂತಾಗ ಹೇಳಿದರು:

"ಆ ಪೋಲಂಡದ ಮಡ್ಡಮ್ಮ ವಾರಕ್ಕೊಮ್ಮೆ ಬಂದು ನಿನಗ ಹೊಲಿಗಿ ಕಲಸ್ತಾಳಂತ. ಕಲೀತೀಯೇನು?"

ನಾನು ಹೂಂ ಅಂದೆ. ಅತ್ತೆ ಮಾತ್ರ, "ಪಡಸಾಲ್ಯಾಗ ಕುಂದರ್ಲಿ. ಒಲಿ ಹತ್ರ ಬರೂದು ಬ್ಯಾಡ" ಎಂದರು. ಅವರು ಲಿಂಗಪೂಜೆಯಾಗದೆ ನೀರು ಮುಟ್ಟದವರು. ಹೀಗೆ ಆಕೆ ಬರತೊಡಗಿದಳು. ನಮ್ಮ ನಡುವೆ ಮಾತು ಕಡಿಮೆ. "ಅಸಾ" ಎಂದು ಮರಾಠಿಯಲ್ಲಿ ಹೇಳಿ ಸೂಜಿ ಹೇಗೆ ಹಿಡಿಯಬೇಕೆಂದು ತೋರಿಸುವಳು, ನಾನು ಹಾಗೇ ಹಿಡಿಯುವೆ. ಯಾರೂ ಸಮಾಧಾನ ಹೇಳದ ಆ ಹೊತ್ತು ನನಗೆ ಹಿತವಾಗಿತ್ತು.

ಚಳಿಗಾಲ ಬಂತು. ಒಂದು ದಿನ ಆಕೆ ಕೆಮ್ಮುತ್ತಲೇ ಬಂದಳು. ಹೊಲಿಗೆಯ ನಡುನಡುವೆ ಎದೆ ಹಿಡಿದುಕೊಂಡು ಕೆಮ್ಮುವುದನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲ. ಕಷಾಯಕ್ಕೆ ನೀರಿಟ್ಟರು. ಮನೆಯಲ್ಲಿ ಒಣಶುಂಠಿ ತೀರಿತ್ತು. ಸ್ವಲ್ಪ ಹೊತ್ತು ನಿಂತು ಯೋಚಿಸಿ, ಬೇಳೆ ಡಬ್ಬಿಗಳ ಹಿಂದೆ ಕೈಹಾಕಿ ಅವ್ವನ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಿದ್ದೇ ತಡ, ವಾಸನೆ ಪಡಸಾಲೆಯವರೆಗೂ ಬಂತು. ನನ್ನ ಕೈಯೊಳಗಿನ ಸೂಜಿ ನಿಂತಿತು.

ಆಕೆಯ ಸೂಜಿಯೂ ನಿಂತಿತ್ತು. ಎದ್ದು ಸೀದಾ ಒಳಗೆ ನಡೆದಳು. ಒಲೆಯ ಹತ್ತಿರ ಬರಬಾರದೆಂಬುದು ಆಕೆಗೆ ಗೊತ್ತಿತ್ತು, ಆದರೂ ಹೋದಳು. ಡಬ್ಬಿಯನ್ನು ಮುಟ್ಟಲಿಲ್ಲ, ಬಗ್ಗಿ ಮೂಸಿ ನೋಡಿ, "ಪ್ಯೆರ್ನಿಕ್" ಎಂದಳು. ಮತ್ತೊಮ್ಮೆ ಅದನ್ನೇ ಹೇಳಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಅತ್ತೆ ಬೈಯಲಿಲ್ಲ. ಕಷಾಯದ ಬಟ್ಟಲು ಆಕೆಯ ಮುಂದಿಟ್ಟು ತಾವೂ ಕುಳಿತರು. ಕೈಸನ್ನೆ, ಮುರುಕು ಮರಾಠಿ ಎರಡೂ ಕೂಡಿ ನಮಗೆ ತಿಳಿದದ್ದು ಇಷ್ಟು. ಅವರ ದೊಡ್ಡ ಹಬ್ಬ ಇದೇ ಚಳಿಯಲ್ಲಿ ಬರುತ್ತದೆ. ಆಗ ಇಂಥದೇ ಮಸಾಲೆಯ ಪುಡಿಯನ್ನು, ಕಲಸಿಟ್ಟದ್ದನ್ನೇ, ಅಂಗಡಿಯಿಂದ ತಂದು ಜೇನುತುಪ್ಪದೊಂದಿಗೆ ಹಿಟ್ಟಿಗೆ ಹಾಕಿ ರೊಟ್ಟಿ ಸುಡುತ್ತಾರೆ, ಅದೇ ಪ್ಯೆರ್ನಿಕ್. ಆಕೆ ಹಿಟ್ಟು ನಾದುವಾಗ ಮಗಳು ಪಕ್ಕದಲ್ಲಿ ನಿಂತು ಬೆರಳು ನೆಕ್ಕುತ್ತಿದ್ದಳಂತೆ. ಎಷ್ಟೆತ್ತರದ ಮಗಳು ಎಂದು ನೆಲದಿಂದ ಕೈಯೆತ್ತಿ ತೋರಿಸಿದಳು.

"ಮುಲ್ಗೀ ಕುಠೆ?" ಎಂದು ಅತ್ತೆ ಕೇಳಿದರು. ಮಗಳೆಲ್ಲಿ ಎಂದು.

ಆಕೆ ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ರಶಿಯಾ" ಎಂದಳು. "ಬರ್ಫ್." ಹಿಮದಲ್ಲಿ ಮಲಗಿಸಿ ಬಂದಿದ್ದಳು.

ಅತ್ತೆ ಡಬ್ಬಿಯನ್ನು ತೋರಿಸಿದರು, ನನ್ನನ್ನು ತೋರಿಸಿದರು, ತೋಳಿನಲ್ಲಿ ಕೂಸನ್ನು ಆಡಿಸುವಂತೆ ಮಾಡಿ ಕೈಗಳನ್ನು ಬರಿದಾಗಿ ಇಳಿಬಿಟ್ಟರು. ಆಕೆ ನನ್ನತ್ತ ತಿರುಗಿ ನೋಡಿದಳು. ಇಷ್ಟು ವಾರ ನನ್ನ ಎದುರು ಕೂತು ಹೊಲಿದವಳಿಗೆ ಅಂದೇ ಗೊತ್ತಾದದ್ದು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳು ಬಂತು, ಬಂದದ್ದು ಬಹಳ ಹೊತ್ತಾದರೂ ನಿಲ್ಲಲಿಲ್ಲ. ಇಬ್ಬರೂ ನನ್ನನ್ನು ಅಳಲು ಬಿಟ್ಟರು.

ಆಕೆ ಹೊರಟಾಗ ಅತ್ತೆ ಬಾಗಿಲತನಕ ಬಂದು ಹೇಳಿದರು: "ಮುಂದಿನ ವಾರ ಬಾರವ್ವಾ, ಆ ನಿಮ್ಮ ರೊಟ್ಟಿ ಮಾಡೂಣು." ಕನ್ನಡದಲ್ಲೇ ಹೇಳಿದರು. ಆಕೆಗೆ ಹೇಗೋ ತಿಳಿಯಿತು.

ಜೇನುತುಪ್ಪ ಎಲ್ಲಿ ತರುವುದು? ಶಿರೋಳದಲ್ಲಿ ನಮ್ಮವರ ಸೋದರಮಾವನ ಕಬ್ಬಿನ ಗಾಣ ನಡೆದಿತ್ತು. ಅಲ್ಲಿಂದ ಒಂದು ತಂಬಿಗೆ ಕಾಕವಿ, ಬೆಲ್ಲವಾಗುವ ಮೊದಲಿನ ಆ ಗಟ್ಟಿ ಪಾಕ, ತರಿಸಿದೆವು. ಗೋಧಿಹಿಟ್ಟು, ಬೆಣ್ಣೆ, ಹಾಲು, ಚೂರು ಸೋಡಾ ಅಣಿ ಮಾಡಿದ್ದಾಯಿತು. ಆಕೆ ಬಂದು ಎಲ್ಲವನ್ನೂ ನೋಡಿ, "ಅಂಡೀ?" ಎಂದು ಮೊಟ್ಟೆಯ ಆಕಾರ ತೋರಿಸಿದಳು.

"ಶಿವಶಿವಾ! ನಮ್ಮನ್ಯಾಗ ಅದು ಬರಂಗಿಲ್ಲವ್ವಾ" ಎಂದು ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಆಕೆ ನಕ್ಕಳು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗಿನ ಒಲೆ ಬೇಡವೆಂದು ಹಿತ್ತಲಲ್ಲಿ ಇದ್ದಿಲಿನ ಶೇಗಡಿ ಹಚ್ಚಿದೆವು. ಕಾಕವಿಯನ್ನು ಬೆಣ್ಣೆಯೊಂದಿಗೆ ಬಿಸಿ ಮಾಡಿ ಆಕೆ ಮಸಾಲೆ ಕೇಳಿದಳು. ಅತ್ತೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ನಾನೇ ಹಾಕಿದೆ. ಒಂದು ಚಮಚ ಹಾಕಿ ನಿಂತಾಗ ಆಕೆ "ಅಜೂನ್, ಅಜೂನ್" ಎಂದು ಇನ್ನೂ ಹಾಕಿಸಿದಳು. ಹಿಟ್ಟು ಕಲಸಿ ಪಾತೇಲಿಯಲ್ಲಿ ತಟ್ಟಿ, ಮೇಲೆ ತಾಟು ಮುಚ್ಚಿ, ತಾಟಿನ ಮೇಲೂ ಕೆಂಡ ಹರವಿದಳು. ಮೊದಲ ಸಲದ್ದು ತಳ ಹತ್ತಿ ಕರಿದಾಯಿತು. ಎರಡನೆಯದಕ್ಕೆ ಅತ್ತೆ ಪಾತೇಲಿಯ ಕೆಳಗೆ ಉಸುಕು ತುಂಬಿದ ಹೆಂಚು ಇಡಿಸಿದರು. ಅದು ಉಬ್ಬಿ, ಹದವಾಗಿ ಕೆಂಪಗೆ ಬಂತು. ವಾಸನೆಗೆ ನಮ್ಮವರು ಗಿರಾಕಿಯನ್ನು ಬಿಟ್ಟು ಹಿತ್ತಲಿಗೆ ಬಂದು, "ಏನ್ ನಡಸೀರಿ?" ಎಂದು ಕೇಳಿದರು.

ಅರ್ಧವನ್ನು ಆಕೆಗೆ ಕಟ್ಟಿಕೊಟ್ಟೆವು, ಛಾವಣಿಯವರ ಹಬ್ಬಕ್ಕೆ. ಉಳಿದುದರಲ್ಲಿ ಅತ್ತೆ ಒಂದು ಚೂರನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ನನ್ನತ್ತ ಒಂದು ದೊಡ್ಡ ತುಂಡು ಸರಿಸಿದರು.

"ನಿಮ್ಮವ್ವ ಕುಟ್ಟಿದ್ದು ಹಾಳ ಆಗಬಾರ್ದು. ತಿನ್ನವ್ವಾ."

ತಿಂದೆ. ಕಾಕವಿಯ ಸಿಹಿ, ಹಿಂದಿನಿಂದ ಶುಂಠಿ ಮೆಣಸಿನ ಖಾರ. ಇನ್ನೊಂದು ತುಂಡನ್ನು ನಾನಾಗಿಯೇ ಕೇಳಿದೆ. ಅಂದು ರಾತ್ರಿ ಊಟವನ್ನೂ ಪೂರ್ತಿ ಮಾಡಿದೆ.

ಯುದ್ಧ ಮುಗಿದು ಕೆಲವು ವರ್ಷಗಳಿಗೆ ಛಾವಣಿ ಖಾಲಿಯಾಯಿತು. ಆಕೆ ಹೊರಡುವ ಮೊದಲು ಬಂದು ಅತ್ತೆಯ ಕಾಲು ಮುಟ್ಟಿದಳು, ನನ್ನನ್ನು ಅಪ್ಪಿಕೊಂಡಳು. ಹಡಗಿನಲ್ಲಿ ಯಾವ ದೇಶಕ್ಕೆ ಹೋದಳೋ, ಅವಳು ಹೇಳಿದ ಹೆಸರು ನಮಗೆ ಸರಿಯಾಗಿ ತಿಳಿಯಲಿಲ್ಲ. ನಾವೂ ಅಂಗಡಿ ಮುಚ್ಚಿ ಇಚಲಕರಂಜಿಗೆ ಮರಳಿದೆವು. ನಮ್ಮವರು ಊರಿಗೆ ಹತ್ತಿದ ಶಹಾಪುರದಲ್ಲಿ ಮಗ್ಗ ಹಾಕಿದರು. ಅಲ್ಲಿ ನನಗೆ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ ಬೆಳೆದಳು.

ಚಳಿಗಾಲ ಬಂತೆಂದರೆ ಹಿತ್ತಲಲ್ಲಿ ಶೇಗಡಿ ಹಚ್ಚಿ ನಾನು ಆ ರೊಟ್ಟಿ ಸುಡುತ್ತಿದ್ದೆ. ಒಮ್ಮೆ ಪಕ್ಕದ ಮನೆಯ ಜೈನರ ಸೊಸೆ ಬಂದು ಕಲಿಸೆಂದಳು. ಅವರು ಜೇನುತುಪ್ಪ ಮುಟ್ಟುವುದಿಲ್ಲ. ನಮ್ಮದು ಕಾಕವಿಯದೆಂದು ಕೇಳಿ ಖುಷಿಯಾದಳು. "ಇದು ಎಲ್ಲಿ ಅಡಗಿ ರೀ ಅಮ್ಮಾ?" ಎಂದು ಅತ್ತೆಯನ್ನು ಕೇಳಿದಳು.

ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಅತ್ತೆ ಗಂಭೀರವಾಗಿ ಹೇಳಿದರು: "ಪೋಲಂಡದ್ದು. ಅಲ್ಲಿ ಬಾಣಂತ್ಯಾರಿಗೆ ಇದನ್ನ ಕೊಡತಾರ."

ನಾನು ತಿದ್ದಲು ಹೋಗಲಿಲ್ಲ. ತಾಟಿನ ಮೇಲಿನ ಕೆಂಡವನ್ನು ಸರಿಸಿ, ಬೆಂದಿದೆಯೋ ಇಲ್ಲವೋ ಎಂದು ಕಡ್ಡಿ ಚುಚ್ಚಿ ನೋಡಿದೆ.