ಸೀಳಿದ ಕುರಿತಲೆ

ಮಗಳು ಹಿಂದೂಪುರದ ಕಾಲೇಜಿನಲ್ಲಿ ಜುವಾಲಜಿ ಪ್ರಾಕ್ಟಿಕಲ್ ಒಂದು ಸಲ ಫೇಲಾಗಿದ್ದಳು. ತಲೆಬುರುಡೆಯ ಗೂಡು, ತೂತುಗಳ ಹೆಸರು ಅವಳ ನೆನಪಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮರುಪರೀಕ್ಷೆಗೆ ಮುಂಚೆ ಕಲ್ಯಾಣದುರ್ಗದ ನಮ್ಮ ಮನೆಗೆ ಬಂದಾಗ, ಕಣ್ಣಾರೆ ನೋಡಿ ಕಲಿಯಲಿ ಎಂದು ನಾನು ಕುರಿತಲೆ ತರಲು ಹೋದೆ. "ಇಡಿಯಾಗಿ ಕೊಡಪ್ಪ" ಅನ್ನುವಷ್ಟರಲ್ಲಿ ಮಾಂಸದಂಗಡಿಯವನು ಮಿದುಳು ತೆಗೆಯಲು, ದಿನದ ರೂಢಿಯಂತೆ, ಮಚ್ಚಿನಿಂದ ನಡುಮಧ್ಯಕ್ಕೆ ಸೀಳಿಬಿಟ್ಟಿದ್ದ.

"ಸಾರಿಗೆ ಅಂದ್ಕಂಬುಟ್ಟೆ ಕಣಮ್ಮ, ಮೊದ್ಲೇ ಏಳ್ಬಾರ್ದಾ?" ಅಂದ. ಅವತ್ತು ಅಲ್ಲಿ ಉಳಿದಿದ್ದುದು ಅದೊಂದೇ ತಲೆ.

ಹೋಳುಗಳನ್ನು ಬೇಯಿಸಿ, ತಿಕ್ಕಿ ತೊಳೆದು, ಸಪ್ಪೆ ಮುಖದಲ್ಲೇ ಅವಳ ಮುಂದಿಟ್ಟೆ. ಅವಳು ಒಳಗೆಲ್ಲ ಬೆರಳಾಡಿಸಿದಳು.

"ಅಮ್ಮಾ, ಇದೇ ಮಿದುಳಿನ ಗೂಡು! ಇದು ಮೂಗಿಂದು. ಸೀಳ್ದೆ ಇದ್ದಿದ್ರೆ ಕಾಣ್ತಾನೇ ಇರ್ಲಿಲ್ಲ ಕಣಮ್ಮ!"

ಆಮೇಲೆ ನಾನು ಸೌಟಿನ ತುದಿಯಲ್ಲಿ ತೋರಿಸಿದ ಕಡೆಗೆಲ್ಲ ಅವಳ ಬಾಯಿಂದ ಹೆಸರು ತಡವರಿಕೆಯಿಲ್ಲದೆ ಬಂತು.